ಕೀಲಿನ ಎರಡು ರೆಕ್ಕೆ

ಎಪ್ಪತ್ತೈದನೆಯ ವಯಸ್ಸಿನಲ್ಲಿ ಚಿಕ್ಕತಾಯಮ್ಮನಿಗೆ ಒಂದು ಕೆಲಸ ಸಿಕ್ಕಿತು. ಕೆಲಸ ಏನಪ್ಪಾ ಅಂದರೆ, ಕೋಡಂಬಾಕ್ಕಂನ ರತ್ನದೀಪ ಸ್ಟುಡಿಯೋದ ಹಿತ್ತಲಲ್ಲಿ ತೋಡಿದ ಗುಂಡಿಯ ದಂಡೆಗೆ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದು, ಮಣ್ಣಿನಿಂದ ಎದ್ದುಬಂದ ಸಾಮಾನು ನೋಡಿ ಇದು ಇಂಥದು ಅನ್ನುವುದು. ಎಂ.ಎ. ಓದಿದವರೆಲ್ಲ ಗುಂಡಿಯೊಳಗೆ ಮಂಡಿಯೂರಿ ಬ್ರಷ್ಷಿನಲ್ಲಿ ಮಣ್ಣು ಗುಡಿಸುತ್ತಿದ್ದರೆ, ಹೆಬ್ಬೆಟ್ಟು ಒತ್ತುವವಳು ಮೇಲೆ ಕೊಡೆಯ ನೆರಳಲ್ಲಿ! ಕಾಲ ಹೀಗೂ ತಿರುಗುತ್ತದೆ ನೋಡಿ.

ಸ್ಟುಡಿಯೋ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿತ್ತು. ಈಗ ಜಾಗ ಫ್ಲ್ಯಾಟ್ ಕಟ್ಟುವ ಕಂಪನಿಯ ಪಾಲಾಗಿತ್ತು. ಪಾಯ ತೆಗೆಯುವ ಮುಂಚೆ ಆರು ವಾರ ಅಗೆದು ನೋಡಿಕೊಳ್ಳಿ ಎಂದು ಒಂದು ಕಾಲೇಜಿನ ಪುರಾತತ್ವ ವಿಭಾಗದವರಿಗೆ ಬಿಟ್ಟುಕೊಟ್ಟಿದ್ದರು. ಆ ಕಾಲೇಜಿನವರ ಮುಂದಾಳು ನಂದಿತಾ, ಮೂವತ್ತೈದರ ಆಸುಪಾಸಿನ ಮೈಸೂರಿನ ಹೆಣ್ಣುಮಗಳು, ಅಡ್ಯಾರಿನಲ್ಲಿ ಬಾಡಿಗೆಗಿದ್ದು ದಿನಾ ಬೆಳಿಗ್ಗೆ ಏಳಕ್ಕೆಲ್ಲ ಸ್ಕೂಟರಿನಲ್ಲಿ ಬಂದುಬಿಡುತ್ತಿದ್ದಳು. ಸ್ಟುಡಿಯೋದ ಹಿಂದೆ ಒಂದು ಕಾಲಕ್ಕೆ ಕೆಲಸಗಾರರ ಸಂಸಾರಗಳಿದ್ದವಂತೆ ಎಂಬ ಗಾಳಿಸುದ್ದಿ ಹಿಡಿದು, ಬೀದಿ ಬೀದಿ ವಿಚಾರಿಸಿ, ಚಿಕ್ಕತಾಯಮ್ಮನನ್ನು ಮನೆಗೇ ಹುಡುಕಿಕೊಂಡು ಬಂದವಳು ಅವಳೇ.

"ರಾಜರ ಅರಮನೇನ ನಮ್ಮವರು ಬೇಕಾದಷ್ಟು ಅಗೆದಿದ್ದಾರೆ ಅಜ್ಜಿ," ಅಂದಿದ್ದಳು ಮೊದಲ ದಿನ. "ಈಗ ನಮಗೆ ಬೇಕಾಗಿರೋದು ನಿಮ್ಮ ಒಲೆ."

"ನನ್ನ ಒಲೇಲಿ ಬೂದಿ ಬುಟ್ರೆ ಇನ್ನೇನ್ ಸಿಕ್ಕಾದು ಮಗಾ?"

"ಬೂದೀನೇ ಬೇಕು. ಏನು ಸುಟ್ರಿ, ಏನು ಬೇಯಿಸಿದ್ರಿ, ಏನು ಉಂಡ್ರಿ, ಎಲ್ಲಾ ಅದರಲ್ಲೇ ಇರತ್ತೆ. ನಿಮ್ಮಂಥವರ ಬಗ್ಗೆ ಕಾಗದದಲ್ಲಿ ಯಾರೂ ಬರೆದಿಟ್ಟಿಲ್ಲ. ಮಣ್ಣಲ್ಲಿ ಮಾತ್ರ ಇದೆ."

ಬೆಟ್ಟ ಅಗೆದು ಇಲಿ ಹಿಡಿಯೋದು ಅಂದ್ರೆ ಇದೇಯ ಅಂತ ಚಿಕ್ಕತಾಯಮ್ಮ ಒಳಗೊಳಗೇ ನಕ್ಕಳು. ಆದರೂ ಬಂದಳು. ಬರದೆ ಇರಲು ಅವಳ ಕೈಯಲ್ಲಿ ಆಗಲೂ ಇಲ್ಲ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಅವಳು ಕೊಳ್ಳೇಗಾಲದ ಕಡೆಯವಳು. ಹದಿನಾರಕ್ಕೆ ಮದುವೆಯಾಗಿ, ಗಂಡ ಅಂದಾನಿಯ ಹಿಂದೆ ಮದ್ರಾಸಿಗೆ ಬಂದಳು. ಅಂದಾನಿ ಸೆಟ್ಟಿಂಗಿನ ಬಡಗಿ. ಕನ್ನಡ ಪಿಚ್ಚರುಗಳೂ ಇಲ್ಲೇ ತಯಾರಾಗುತ್ತಿದ್ದ ಕಾಲ ಅದು. ಮುಂದುಗಡೆ ಫ್ಲೋರಿನಲ್ಲಿ ಅವನು ಅರಮನೆ ಕಟ್ಟುತ್ತಿದ್ದ, ಹಿಂದುಗಡೆ ಎಂಟು ಮನೆಯ ವಠಾರದಲ್ಲಿ, ಶೀಟು ಹೊದಿಸಿದ ಹತ್ತಡಿ ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದ. ಲೈಟಿನ ಗುಂಡಣ್ಣ, ಟೈಲರ್ ಶಿವರಾಮು, ಬಣ್ಣ ಬಳಿಯುವವರು, ಬಟ್ಟೆ ಒಗೆಯುವವರು, ಎಲ್ಲರೂ ಸಾಲಾಗಿ ಅಲ್ಲೇ. ಎಂಬತ್ತೊಂಬತ್ತರಲ್ಲಿ ಸ್ಟುಡಿಯೋದವರು ವಠಾರ ಕೆಡವಿದರು, ದಿಕ್ಕಿಗೊಬ್ಬರಾದರು. ಅಂದಾನಿ ಹೋಗಿ ಹನ್ನೊಂದು ವರ್ಷವಾಯಿತು. ಈಗ ಚಿಕ್ಕತಾಯಮ್ಮ ಮಗಳು ನಾಗಮಣಿಯ ಜೊತೆಗೆ ಸ್ಟುಡಿಯೋದಿಂದ ಮೂರು ಬೀದಿಯಾಚೆ ಇದ್ದಾಳೆ.

ಮೊದಲ ವಾರವೇ ಅವಳು ತನ್ನ ಸಂಬಳದಷ್ಟು ದುಡಿದಳು ಎನ್ನಬೇಕು. ಒಬ್ಬ ಹುಡುಗಿ "ಮ್ಯಾಡಂ! ಮ್ಯಾಡಂ!" ಎಂದು ಕಿರುಚಿದ್ದೇ ಕಿರುಚಿದ್ದು. ನೋಡಿದರೆ ಮಣ್ಣಿನೊಳಗಿಂದ ಸಿಂಹದ ಮುಖದ ಕಂಬ ಹಣಕಿ ಹಾಕುತ್ತಿದೆ. ಎಲ್ಲರೂ ಫೋನು ತೆಗೆದು ಫೋಟೋಕ್ಕೆ ನಿಂತರು. ಚಿಕ್ಕತಾಯಮ್ಮ ಕುರ್ಚಿಯಿಂದಲೇ ಬಗ್ಗಿ ನೋಡಿ, "ಅಯ್ಯೋ ಶಿವನೇ, ಅದು ನಮ್ಮೆಜಮಾನ್ರು ಮಾಡಿದ್ದು ಕನವ್ವ! ಒಳಗೆ ಗೋಣಿತಾಟು, ಮೇಲೆ ಗಾರೆ. ಆ ಸಿಂಹಕ್ಕೆ ಒಂದ್ ಕಣ್ಣು ಸಣ್ಣದಾಗಿ ಡೈರೆಕ್ಟ್ರು ಬೈದಿದ್ರು, ನೋಡು ಬೇಕಾದ್ರೆ," ಅಂದಳು. ನೋಡಿದರು. ಒಂದು ಕಣ್ಣು ಸಣ್ಣದೇ. ಗುಂಡಿಗೆ ಗುಂಡಿಯೇ ನಕ್ಕಿತು. ನಂದಿತಾ ಮಾತ್ರ ನಗುತ್ತ ನಗುತ್ತಲೇ ತನ್ನ ಪುಸ್ತಕದಲ್ಲಿ ಅಂದಾನಿಯ ಹೆಸರು ಬರೆದುಕೊಂಡಳು. ಅದನ್ನು ಕಂಡು ಚಿಕ್ಕತಾಯಮ್ಮನಿಗೆ ಈ ಹುಡುಗಿಯ ಮೇಲೆ ಅಕ್ಕರೆ ಹುಟ್ಟಿತು.

ಇನ್ನು ಅವಳು ಬರದೆ ಇರಲಾರದ ಕಾರಣ ಹೇಳುತ್ತೇನೆ. ಆ ಮಣ್ಣಲ್ಲಿ ಅವಳ ಮೊದಲ ಮಗುವಿನ ಕುಡಿಕೆ ಇತ್ತು.

ಅವರ ಕಡೆ ಹೆರಿಗೆಯಾದ ಮೇಲೆ ಬಿದ್ದ ಮಾಸನ್ನು ಎಸೆಯುವುದಿಲ್ಲ. ಹೊಸ ಕುಡಿಕೆಯಲ್ಲಿಟ್ಟು, ಉಪ್ಪು, ಅರಿಸಿನ, ಬೇವಿನ ಸೊಪ್ಪು ಹಾಕಿ, ಒಂದು ಕಾಸು ಇಟ್ಟು, ಬಾಯಿ ಮುಚ್ಚಿ ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಕಡೆ ಹೂಳುತ್ತಾರೆ. ಬಾಣಂತಿ ಎರೆದುಕೊಂಡ ನೀರು ಅದರ ಮೇಲೆ ಹರಿಯಬೇಕು, ಆಗ ಎದೆಹಾಲಿಗೆ ಬರವಿರುವುದಿಲ್ಲ ಅನ್ನುವುದು ನಂಬಿಕೆ. ವಠಾರದ ಸೂಲಗಿತ್ತಿ ಮಾದಮ್ಮ ಇದಕ್ಕೆ ತನ್ನದೊಂದು ಸೇರಿಸಿದ್ದಳು. ಅಪ್ಪನಾದವನು ತನ್ನ ಕಸುಬಿನದೊಂದು ಚೂರು ತಂದು ಕುಡಿಕೆಗೆ ಹಾಕಬೇಕು. "ಪರದೇಶದಲ್ಲಿ ಹುಟ್ಟಿರೋ ಮಗ, ಯಾರ ಮನೇದು ಅಂತ ಭೂಮ್ತಾಯಿಗೆ ಗೊತ್ತಾಗ್ಬೇಡ್ವಾ?" ಅನ್ನುತ್ತಿದ್ದಳು.

ಅರವತ್ತೊಂಬತ್ತರಲ್ಲಿ ಚಿಕ್ಕತಾಯಮ್ಮ ಗಂಡು ಹೆತ್ತಳು. ಐದು ದಿನ ಇತ್ತು ಮಗು. ಆರನೆಯ ದಿನ ಬೆಳಗಾಗುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಹೆಸರಿಡುವ ಶಾಸ್ತ್ರಕ್ಕೆ ಇನ್ನೂ ಆರು ದಿನವಿತ್ತು, ಹಾಗಾಗಿ ಹೆಸರೂ ಇಲ್ಲ. ಗಂಡಸರು ಬಟ್ಟೆಯಲ್ಲಿ ಸುತ್ತಿಕೊಂಡು ಎಲ್ಲಿಗೋ ಹೋಗಿ ಮಣ್ಣು ಮಾಡಿ ಬಂದರು. ಎಲ್ಲಿ ಎಂದು ಅವಳಿಗೆ ಯಾರೂ ಹೇಳಲಿಲ್ಲ, ಬಾಣಂತಿ ಕೇಳಲೂ ಬಾರದು. ನಾಲ್ಕು ವರ್ಷದ ಮೇಲೆ ನಾಗಮಣಿ ಹುಟ್ಟಿದಾಗ ಮಾದಮ್ಮ ಬಾಣಂತಿಯ ಗಲ್ಲ ಹಿಡಿದು ಕಟ್ಟಪ್ಪಣೆ ಮಾಡಿದಳು. "ನೋಡು ತಾಯಿ, ಬದ್ಕಿರೋ ಮಗೀನ ಮುಂದೆ ಸತ್ತ ಮಗೀನ ಮಾತೆತ್ಬೇಡ. ಎತ್ತಿದ್ರೆ ಅದು ಇದ್ನ ಕರ್ಕತದೆ." ಅಂದಾನಿಯೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ವಠಾರ ಕೆಡವುವ ತನಕ ಶುಕ್ರವಾರ ಶುಕ್ರವಾರ ಬಚ್ಚಲ ಮೋರಿಯ ಪಕ್ಕ ಕುಡಿಕೆಯ ಗುರುತಿಗಿಟ್ಟ ಕಲ್ಲಿನ ಮೇಲೆ ಒಂದು ಚೊಂಬು ನೀರು ಮಾತ್ರ ಹಾಕುತ್ತಿದ್ದಳು. ನಾಗಮಣಿ ಕೇಳಿದರೆ ಇರುವೆ ಗೂಡು ಅನ್ನುತ್ತಿದ್ದಳು.

ಹೆತ್ತ ಹೊಟ್ಟೆಯ ಸಂಕಟ ಅಂದರೆ ಅದೇ. ಅಳುವುದಕ್ಕೂ ಒಂದು ಜಾಗ ಬೇಕಲ್ಲ, ಅವಳಿಗೆ ಇದ್ದದ್ದು ಆ ಕುಡಿಕೆ ಒಂದೇ. ಈಗ ಅದರ ಮೇಲೆ ಕಾರು ನಿಲ್ಲಿಸುವ ನೆಲಮಾಳಿಗೆ ಬರುವುದಿತ್ತು.

ಇದೆಲ್ಲ ಸಾಲದು ಎಂಬಂತೆ ನಾಗಮಣಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಗೊತ್ತಾಗಿತ್ತು, ಅಗೆತ ಮುಗಿದ ಮೇಲಿನ ಬುಧವಾರಕ್ಕೆ. ಐವತ್ತೆರಡು ವರ್ಷದ ನಾಗಮಣಿ ನುಂಗಂಬಾಕ್ಕಂನ ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲರ್ಕು, ಗಟ್ಟಿ ಹೆಂಗಸು, ಹೆದರುವ ಪೈಕಿ ಅಲ್ಲ. ಹೆದರಿದ್ದವಳು ತಾಯಿ. ಮೊದಲ ಸಲ ಆಸ್ಪತ್ರೆಗೆ ಹೋದಾಗ ನರ್ಸು ಫಾರಂ ತುಂಬುತ್ತ, "ಕೂಡ ಪಿರಂದವಂಗ ಎತ್ತನೆ ಪೇರು?" ಎಂದು ಕೇಳಿದ್ದಳು. ಒಡಹುಟ್ಟಿದವರು ಎಷ್ಟು ಜನ? ನಾಗಮಣಿ ತಟಕ್ಕನೆ, "ಯಾರುಂ ಇಲ್ಲೆ ಸಿಸ್ಟರ್, ನಾ ಒರೇ ಪೊಣ್ಣು," ಅಂದಳು, ನಾನೊಬ್ಬಳೇ ಮಗಳು ಎಂದು. ಪಕ್ಕದಲ್ಲಿದ್ದ ಚಿಕ್ಕತಾಯಮ್ಮನ ಬಾಯಿಗೆ ಬಂದ ಮಾತು ಗಂಟಲಲ್ಲೇ ನಿಂತಿತು. ಎತ್ತಿದರೆ ಮಗಳನ್ನು ಕಳೆದುಕೊಂಡೇನೆಂಬ ಭಯ, ಎತ್ತದಿದ್ದರೆ ಮಗ ಹುಟ್ಟಿಯೇ ಇರಲಿಲ್ಲ ಎಂದಾಗುತ್ತದಲ್ಲ ಎಂಬ ಸಂಕಟ. ಅವತ್ತಿನಿಂದ ಅವಳ ಅನ್ನ ನೀರು ಅಷ್ಟಕ್ಕಷ್ಟೆ.

ಆರನೆಯ ವಾರದ ಮೊದಲ ದಿನವೇ ಕುಡಿಕೆಗಳು ಸಿಕ್ಕವು. ಒಂದಲ್ಲ ಎರಡಲ್ಲ, ಹಿಂದಿನ ಗೋಡೆಯ ಉದ್ದಕ್ಕೂ ಏಳು. ಮುಚ್ಚಳದ ಹೆಂಚಿನ ಚೂರು ಹಾಗೇ ಇತ್ತು. ಒಳಗೆ ಕಪ್ಪು ಮಣ್ಣು, ಕಿಲುಬು ಹಿಡಿದ ಕಾಸು. ಒಂದರಲ್ಲಿ ಲೈಟಿನ ಕಾರ್ಬನ್ ಕಡ್ಡಿ, ಒಂದರಲ್ಲಿ ಅಂಗಿಯ ಗುಂಡಿಗಳು ಮತ್ತು ಒಂದು ಸೂಜಿ, ಒಂದರಲ್ಲಿ ಬಣ್ಣದ ಬ್ರಷ್ಷಿನ ತಗಡು, ಹೀಗೆ. ನಂದಿತಾಳ ಮುಖ ದೀಪ ಹಚ್ಚಿದಂತಾಯಿತು. ಮೂರು ದಿನ ಅವಳು ಊಟವನ್ನೇ ಮರೆತಳು. ನಾಲ್ಕನೆಯ ದಿನ, ಅಂದರೆ ಗುರುವಾರ ಬೆಳಿಗ್ಗೆ, ತನ್ನ ತೀರ್ಮಾನವನ್ನು ಎಲ್ಲರ ಮುಂದೆ ಹೇಳಿದಳು.

"ಇದು ಆಯುಧಪೂಜೆ. ಸ್ಟುಡಿಯೋದ ಒಂದೊಂದು ವಿಭಾಗದವರೂ ತಮ್ಮ ತಮ್ಮ ಉಪಕರಣದ ಚೂರನ್ನ ಪೂಜೆ ಮಾಡಿ ಹೂತಿದ್ದಾರೆ. ಲೈಟ್, ಕಾಸ್ಟ್ಯೂಮ್, ಪೇಂಟಿಂಗ್. ಅರಿಸಿನದ ಗುರುತೂ ಇದೆ. ಕೆಲಸಾನೇ ದೇವರು ಅಂದುಕೊಂಡವರ ಆಚರಣೆ ಇದು!"

ಕಂಪನಿಯ ಎಂಜಿನಿಯರ್ ಶ್ರೀನಾಥನೂ ಅಲ್ಲಿದ್ದ. ಬೆಂಗಳೂರಿನವನು, ಕೆಟ್ಟವನೇನಲ್ಲ, ಆದರೆ ಕೈಗಡಿಯಾರದ ಮೇಲೇ ಕಣ್ಣು. "ಬ್ಯೂಟಿಫುಲ್ ಮೇಡಂ," ಅಂದ. "ಲಾಬೀಲಿ ಒಂದು ಗಾಜಿನ ಕೇಸ್ ಮಾಡಿ ಇಟ್ಬಿಡೋಣ. ಆಯುಧಪೂಜೆ ಅಂತ ಬೋರ್ಡು. ಆದ್ರೆ ನಾಳೆ ಸಾಯಂಕಾಲಕ್ಕೆ ನೀವು ಜಾಗ ಖಾಲಿ ಮಾಡಬೇಕು. ಅಂದಹಾಗೆ ನಮ್ಮ ಹಳೇ ಪ್ಲ್ಯಾನಲ್ಲಿ ಈ ಜಾಗ ಬರೀ ಗೋಡೌನ್ ಅಂತಲೇ ಇದೆ. ಮನೆ ಗಿನೆ ಅಂತ ಬರೀಬೇಡಿ, ಆಮೇಲೆ ಸುಮ್ನೆ ತರಲೆ."

ಕುರ್ಚಿಯಲ್ಲಿ ಕೂತಿದ್ದ ಚಿಕ್ಕತಾಯಮ್ಮನಿಗೆ ಮೊದಲು ನಗು ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಆ ಜಾತಿಯ ಮಾತಾಯಿತಲ್ಲ ಇದು! ಆಮೇಲೆ ನಗು ತಾನಾಗಿ ಸತ್ತಿತು. ತನ್ನ ಕೂಸು ಗಾಜಿನ ಪೆಟ್ಟಿಗೆಯಲ್ಲಿ ಆಯುಧಪೂಜೆಯಾಗಿ ಕೂರುವುದು, ಕಾರಿಳಿದು ಬಂದವರೆಲ್ಲ ಅದನ್ನು ನೋಡಿಕೊಂಡು ಲಿಫ್ಟು ಹತ್ತುವುದು, ಎಲ್ಲ ಅವಳ ಕಣ್ಣಿಗೆ ಕಟ್ಟಿತು. ಬಾಯಿ ಬಿಟ್ಟರೆ ಬಣ್ಣಗೇಡು, ನಿಜ. ಆದರೆ ಬಿಡದಿದ್ದರೆ ಉಳಿದ ಐದು ತಾಯಂದಿರೂ ಕೆಟ್ಟರಲ್ಲ! ಎಲ್ಲ ಹೇಳಬೇಕಾಗಿಲ್ಲ, ಅರ್ಧ ಹೇಳಿದರೆ ಸಾಕು ಎಂದು ಲೆಕ್ಕ ಹಾಕಿದಳು.

"ಮಗಾ," ಅಂದಳು ನಂದಿತಾಳಿಗೆ. "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಬಚ್ಚಲ ನೀರು ಹರಿಯೋ ಕಡೆ ಯಾರಾರ ಪೂಜೆ ಸಾಮಾನು ಹೂಳ್ತಾರಾ?"

ನಂದಿತಾ ಥಟ್ಟನೆ ನಿಂತಳು. ಗೋಡೆ ನೋಡಿದಳು, ಗೋಡೆಯುದ್ದಕ್ಕೂ ತಾನೇ ಬ್ರಷ್ ಹಾಕಿ ತೆಗೆದಿದ್ದ ಮೋರಿ ನೋಡಿದಳು. ಮೋರಿಯೂ ಕುಡಿಕೆಗಳೂ ಅಕ್ಕಪಕ್ಕ. ಪೂಜೆ ಎಂಬ ಮಾತು ತಲೆಗೆ ಹೊಕ್ಕಮೇಲೆ ಆ ಮೋರಿ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಇಲ್ಲ," ಅಂದಳು ಮೆಲ್ಲಗೆ. "ಹೂಳಲ್ಲ ಅಜ್ಜಿ. ನಾನ್ಯಾಕೆ ಇದನ್ನ... ಛೆ! ಹಾಗಾದ್ರೆ ಏನಿದು?"

"ಬಾಣಂತಿ ಕುಡಿಕೆ ಕನವ್ವ. ಒಂದೊಂದೂ ಒಂದೊಂದು ಮಗ."

ಮಾಸಿನ ಸಂಗತಿ, ಮಾದಮ್ಮನ ಸಂಗತಿ, ಅಪ್ಪಂದಿರು ತಂದು ಹಾಕುತ್ತಿದ್ದ ಚೂರಿನ ಸಂಗತಿ ಎಲ್ಲವನ್ನೂ ಚಿಕ್ಕತಾಯಮ್ಮ ಬಿಡಿಸಿ ಹೇಳಿದಳು. ನಂದಿತಾ ಮೂರು ದಿನದಿಂದ ಬರೆದಿದ್ದ ಹಾಳೆಗಳ ಮೇಲೆ ಅಡ್ಡ ಗೆರೆ ಎಳೆದಳು. ಎಳೆಯುವಾಗ ಅವಳ ಮುಖದಲ್ಲಿ ನಾಚಿಕೆ ಇತ್ತು, ಅದಕ್ಕಿಂತ ಹೆಚ್ಚು ಸಂತೋಷವಿತ್ತು. ತಪ್ಪು ತಿದ್ದಿದವರ ಮೇಲೆ ಮುನಿಸಿಕೊಳ್ಳದ ವಿದ್ಯಾವಂತರು ಅಪರೂಪ, ಇವಳು ಆ ಅಪರೂಪದವಳು. ಆಮೇಲೆ ತಿರುಗಿ ಎಂಜಿನಿಯರನ ಮುಖ ನೋಡಿದಳು.

"ಶ್ರೀನಾಥ್ ಅವರೇ, ಗೋಡೌನ್‌ನಲ್ಲಿ ಹೆರಿಗೆ ಆಗತ್ತಾ?"

ಶ್ರೀನಾಥ ಗಡಿಯಾರ ಬಿಟ್ಟು ಕುಡಿಕೆ ನೋಡಿದ. "ನಮ್ಮೂರಲ್ಲೂ ನಮ್ಮಜ್ಜಿ ಹೀಗೇ ಹೂಳ್ತಿದ್ರಂತೆ ಮೇಡಂ," ಅಂತ ಮಾತ್ರ ಅಂದು ಫೋನು ಹಿಡಿದು ಆಚೆ ಹೋದ.

ಒಂದೊಂದೇ ಕುಡಿಕೆ ತೋರಿಸುತ್ತ ನಂದಿತಾ ಕೇಳಿದಳು, ಚಿಕ್ಕತಾಯಮ್ಮ ಹೇಳಿದಳು. ಕಾರ್ಬನ್ ಕಡ್ಡಿಯದು ಗುಂಡಣ್ಣನ ಮಗ, ಈಗ ಆವಡಿಯಲ್ಲಿ ರೈಲ್ವೆ ಕೆಲಸ. ಗುಂಡಿ ಸೂಜಿಯದು ಟೈಲರ್ ಶಿವರಾಮುವಿನ ಮಗಳು ಶ್ರೀವಿದ್ಯಾ, ಹುಟ್ಟಿದಾಗ ಒಂದು ಸೇರಿನಷ್ಟಿದ್ದಳು, ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ. ನಾಲ್ಕನೆಯ ಕುಡಿಕೆಯಲ್ಲಿ ಹಿತ್ತಾಳೆಯ ಕೀಲು, ಬಾಗಿಲಿಗೆ ಹೊಡೆಯುತ್ತಾರಲ್ಲ ಅದು, ಅದರ ಒಂದು ರೆಕ್ಕೆ ಮಾತ್ರ ಇತ್ತು. ಜೊತೆಗೆ ಎಪ್ಪತ್ತಮೂರನೆಯ ಇಸವಿಯ ಹತ್ತು ಪೈಸೆ.

"ಇದು ನಮ್ಮೆಜಮಾನ್ರು ಹಾಕಿದ್ದು. ನಾಗಮಣೀದು," ಅಂದಳು.

ಆರನೆಯದರ ಸರದಿ ಬಂತು. ಕಮಲದ ಚಿತ್ರವಿದ್ದ ಹಿತ್ತಾಳೆಯ ಇಪ್ಪತ್ತು ಪೈಸೆ, ಸಾವಿರದ ಒಂಬೈನೂರ ಅರವತ್ತೊಂಬತ್ತು. ಪಕ್ಕದಲ್ಲಿ ಇನ್ನೊಂದು ಹಿತ್ತಾಳೆ ಚೂರು. ಚಿಕ್ಕತಾಯಮ್ಮ ಕಣ್ಣು ತೆಗೆದು ಕೊಡೆಯ ಕಡ್ಡಿ ನೋಡಿದಳು.

"ಇದು ಗೊತ್ತಿಲ್ಲ ಕನವ್ವ. ನಾವ್ ಬರೋಕ್ ಮುಂಚೇದೇನೋ."

ಅವಳು ಬಂದದ್ದು ಅರವತ್ತೇಳರಲ್ಲಿ ಎಂದು ಮೊದಲ ವಾರವೇ ನಂದಿತಾ ಬರೆದುಕೊಂಡಿದ್ದಳು. ಆದರೆ ಅಜ್ಜಿಯ ಕೈ ಸೆರಗನ್ನು ಹಿಂಡುತ್ತಿದ್ದುದು ಅವಳಿಗೆ ಕಂಡಿತ್ತು. "ಸರಿ ಅಜ್ಜಿ, ಮಧ್ಯಾಹ್ನ ನೋಡೋಣ, ಊಟ ಮಾಡಿ," ಅಂದುಬಿಟ್ಟಳು.

ಮಧ್ಯಾಹ್ನ ನಾಗಮಣಿ ಬಂದಳು. ಆಪರೇಷನ್ನಿಗೆ ರಜೆ ಹಾಕಲು ಅರ್ಜಿ ಕೊಟ್ಟು, ಅರ್ಧ ದಿನಕ್ಕೇ ಹೊರಟು, ಅಮ್ಮನನ್ನು ಕರೆದೊಯ್ಯಲು ಬಂದಿದ್ದಳು. "ಅಮ್ಮಾ, ರೊಂಬ ಬಿಸಿಲು, ಸಾಕು ಎದ್ದೇಳು," ಎನ್ನುತ್ತ ಬಂದವಳಿಗೆ ಗುಂಡಿಯ ಹುಡುಗಿಯರು ಬೆಳಿಗ್ಗೆಯ ಸಂಗತಿಯನ್ನೆಲ್ಲ ಒಂದೇ ಉಸುರಿಗೆ ಹೇಳಿಬಿಟ್ಟರು. ನಾಗಮಣಿಗೆ ಕುತೂಹಲ ತಡೆಯಲಿಲ್ಲ. ಕತ್ತಿನ ಗಡ್ಡೆ ಮುಚ್ಚಲು ಸುತ್ತಿದ್ದ ದುಪಟ್ಟಾ ಸರಿಮಾಡಿಕೊಂಡು, ಏಣಿ ಹಿಡಿದು ಗುಂಡಿಗೇ ಇಳಿದಳು.

"ನಂದಾ ಇದು? ನಂದೇನಾ? ಪಾವಂ, ಎಷ್ಟು ಚಿಕ್ಕದು!" ಎಂದು ಕುಡಿಕೆಯನ್ನು ಎರಡು ಕೈಯಲ್ಲಿ ಹಿಡಿದು ನಕ್ಕಳು. ಆಮೇಲೆ ಅಪ್ಪ ಇಟ್ಟ ಹಿತ್ತಾಳೆ ರೆಕ್ಕೆಯನ್ನು ಎತ್ತಿಕೊಂಡಳು. ಬಡಗಿಯ ಮಗಳಲ್ಲವೇ, ಹುಟ್ಟಿದಂದಿನಿಂದ ಕೀಲು ಕಂಡವಳು. "ಅಪ್ಪ ಯಾಕೆ ಅರ್ಧ ಹಾಕಿದ್ರು? ಒಂದು ರೆಕ್ಕೆ ಯಾವತ್ತೂ ಬೇರೆ ಇಡೋರಲ್ಲ ಅವರು. ಜೋಡಿ ಕಳೆದ್ರೆ ನಮ್ಮ ಕೈಲಿ ಮನೆ ತಲೆಕೆಳಗು ಮಾಡಿ ಹುಡುಕಿಸ್ತಿದ್ರು."

ಅವಳ ಕಣ್ಣು ಸಾಲಿನುದ್ದಕ್ಕೂ ಓಡಿ ಆರನೆಯ ಕುಡಿಕೆಯ ಮುಂದೆ ಹರಡಿದ್ದ ಬಿಳಿ ಕಾಗದದ ಮೇಲೆ ನಿಂತಿತು. ಯಾರೂ ಹೇಳುವ ಮುಂಚೆಯೇ ಆ ಚೂರನ್ನು ಎತ್ತಿ ಎರಡನ್ನೂ ಪಕ್ಕ ಪಕ್ಕ ಹಿಡಿದಳು. ಹಲ್ಲಿಗೆ ಹಲ್ಲು ಕೂತಿತು. ಎರಡು ರೆಕ್ಕೆಯ ಮೂಲೆಯಲ್ಲೂ ಅಂದಾನಿ ತನ್ನ ಸಾಮಾನಿನ ಮೇಲೆಲ್ಲ ಹಾಕುತ್ತಿದ್ದ ಉಳಿಯ ಮೂರು ಗೀರು ಇದ್ದವು.

ನಾಗಮಣಿ ತಲೆಯೆತ್ತಿ ಅಮ್ಮನನ್ನು ನೋಡಿದಳು. ನಗು ಇನ್ನೂ ಅರ್ಧ ತುಟಿಯ ಮೇಲಿತ್ತು.

"ಅಮ್ಮಾ, ಇದು ನಂದು ಅಂದ್ರೆ ಅದು ಯಾರ್ದು?"

ಚಿಕ್ಕತಾಯಮ್ಮ ಕುರ್ಚಿಯ ಕೈ ಹಿಡಿದು ಏಳಲು ನೋಡಿದಳು. "ಬುಡು ಮಗಾ, ಹೊತ್ತಾಯ್ತು, ಹೋಗಾನ ನಡಿ," ಅಂದಳು.

"ಅಮ್ಮಾ."

"ಬುಡು ಅಂದ್ನಲ್ಲ! ಬುಧವಾರ ಕಳೀಲಿ, ಆಮೇಲ್ ಹೇಳ್ತೀನಿ. ಈಗ ಕೇಳ್ಬ್ಯಾಡ. ನಿನ್ನ ಕಾಲಿಗ್ ಬೀಳ್ತೀನಿ, ಈಗ ಮಾತ್ರ ಕೇಳ್ಬ್ಯಾಡ ನನ್ನವ್ವ!"

ಇನ್ನೇನು ಉಳಿಯಿತು ಹೇಳಿ ಮುಚ್ಚಿಡಲು? ಐವತ್ತೆರಡು ವರ್ಷ ಕಚ್ಚಿ ಹಿಡಿದಿದ್ದ ಗಂಟು, ಬಿಡು ಬಿಡು ಎನ್ನುತ್ತಲೇ ಬಿಚ್ಚಿಹೋಯಿತು. ನಂದಿತಾ ತನ್ನವರಿಗೆಲ್ಲ ಕಣ್ಸನ್ನೆ ಮಾಡಿ ಟೀ ಕುಡಿಯಲು ಕಳಿಸಿದಳು. ತಾನೂ ಹೊರಟಳು, ಆದರೆ ಚಿಕ್ಕತಾಯಮ್ಮ ಅವಳ ಕೈ ಹಿಡಿದುಕೊಂಡಳು, ಬಿಡಲಿಲ್ಲ. ಹಾಗಾಗಿ ನಿಂತಳು.

"ಗಂಡು," ಅಂದಳು ಚಿಕ್ಕತಾಯಮ್ಮ. "ನಿನಗಿಂತ ನಾಕ್ ವರ್ಸ ದೊಡ್ಡೋನು. ಐದು ದಿನ ಇದ್ದ. ಕಿವಿ ನಿಮ್ಮಪ್ಪಂದೇ, ಮೇಲ್ಗಡೆ ಮಡಚಿದ್ದು. ಹೆಸ್ರಿಲ್ಲ. ಎಲ್ಲಿ ಮಣ್ಣ್ ಮಾಡುದ್ರೋ ಗೊತ್ತಿಲ್ಲ. ನಿನ್ನ ಮುಂದೆ ಅವನ ಮಾತೆತ್ತಿದ್ರೆ ನಿನ್ನ ಕರ್ಕತಾನೆ ಅಂದ್ಳು ಮಾದಮ್ಮ. ಅವ್ನು ಐದೇ ದಿನದ ಕೂಸು, ಯಾರ್ನ ಕರೀತಾನೆ ಪಾಪ, ಅಂತ ಎಷ್ಟೋ ಸಲ ಅನ್ನುಸ್ತು. ಆದ್ರೂ ಎದೆ ಬರ್ಲಿಲ್ಲ. ಇರೋದು ಒಂದೇ ಒಂದು, ನೀನು."

ನಾಗಮಣಿಗೆ ಸಿಟ್ಟು ಬಂದಿತ್ತು. ಬರಬೇಕಾದ್ದೇ. ಅಣ್ಣ ಇಲ್ಲ ತಮ್ಮ ಇಲ್ಲ ಎಂದು ಮದುವೆಯ ದಿನ ಧಾರೆಗೆ ಮುಂಚೆ ಮೂಲೆಯಲ್ಲಿ ಕೂತು ಅತ್ತವಳು ಅವಳು.

"ಅದು ಇರುವೆ ಗೂಡು ಅಂದಿದ್ಯಲ್ಲಮ್ಮಾ," ಅಂದಳು. "ಶುಕ್ರವಾರ ನೀರು ಹಾಕೋವಾಗ ನಾನೂ ಸಕ್ಕರೆ ತಂದು ಹಾಕ್ತಿದ್ದೆ. ಇರುವೆ ತಿನ್ಲಿ ಅಂತ. ಗ್ಯಾಪಕ ಇದ್ಯಾ?"

ಚಿಕ್ಕತಾಯಮ್ಮನಿಗೆ ಜ್ಞಾಪಕವಿತ್ತು. ಮೂರು ವರ್ಷದ ಹುಡುಗಿ ಲಂಗದ ತುದಿಯಲ್ಲಿ ಸಕ್ಕರೆ ತುಂಬಿಕೊಂಡು ಬಂದು ಆ ಕಲ್ಲಿನ ಮೇಲೆ ಸುರಿಯುತ್ತಿದ್ದದ್ದು, ತಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೋಡಿದ್ದು. ಅವತ್ತು ಆಗದ ಅಳು ಈಗ ಬಂತು. ಕೊಡೆಯ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಯಾರಿಗೂ ಹೆದರದೆ ಮುದುಕಿ ಗೋಳೋ ಎಂದು ಅತ್ತಳು. ನಾಗಮಣಿ ಏಣಿ ಹತ್ತಿ ಬಂದು ಅಮ್ಮನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಸಿಟ್ಟು ಇಳಿದಿರಲಿಲ್ಲ, ಆದರೆ ಅದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ.

ಸಂಜೆ ನಂದಿತಾ ಚೀಟಿ ಬರೆಯಲು ಕೂತಳು. ಗುಂಡಿಯಿಂದ ಎದ್ದ ಪ್ರತಿಯೊಂದಕ್ಕೂ ಒಂದು ಚೀಟಿ ಬರೆಯುವುದು ಅವರ ಪದ್ಧತಿ, ಏನು, ಎಲ್ಲಿ, ಯಾರದು ಎಂದು. "ಅಜ್ಜಿ, ಇವು ನಿಮ್ಮ ಎಲ್ಲರದು. ನೀವು ಬೇಡ ಅಂದ್ರೆ ಗಾಜಿನ ಪೆಟ್ಟಿಗೆ ಇಲ್ಲ. ಉಳಿದ ಐದು ಮನೆಯವರನ್ನೂ ಹುಡುಕಿ ಕೇಳ್ತೀನಿ. ನಿಮ್ಮೆರಡು ಏನು ಮಾಡೋಣ?"

"ಮಣ್ಣಿಗೇ ಹಾಕವ್ವ. ಮಣ್ಣಲ್ಲಿರೋದು ಮಣ್ಣಲ್ಲೇ ಇರ್ಲಿ. ಆದ್ರೆ ಕಾರಿನ ಕೆಳಗೆ ಬ್ಯಾಡ."

ಮುಂದಿನ ಗೇಟಿನ ಹತ್ತಿರ ಒಂದು ದೊಡ್ಡ ಬೇವಿನ ಮರವಿತ್ತು. ಅದನ್ನು ಕಡಿಯುವ ಹಾಗಿಲ್ಲ ಎಂದು ಮೊದಲೇ ತೀರ್ಮಾನವಾಗಿತ್ತು. ಶುಕ್ರವಾರ ಬೆಳಿಗ್ಗೆ ಅದರ ಬುಡದಲ್ಲಿ ಎರಡು ಕುಡಿಕೆಗಳನ್ನೂ ಅಕ್ಕಪಕ್ಕ ಇಟ್ಟರು. ಗುಂಡಿ ತೋಡಲು ಆಳು ಕಳಿಸಿದವನು ಶ್ರೀನಾಥ. ವರದಿಯಲ್ಲಿ 'ಎಂಟು ಮನೆ' ಎಂದೇ ಬರೆಯುತ್ತೇನೆಂದು ನಂದಿತಾ ಹೇಳಿದಾಗ, "ಬರೀರಿ ಮೇಡಂ, ನಾನು ನೋಡ್ಕೋತೀನಿ," ಅಂದ. ನಾಗಮಣಿ ಕೀಲಿನ ಎರಡು ರೆಕ್ಕೆಗಳನ್ನೂ ಜೋಡಿಸಿ, ನಡುವೆ ಒಂದು ಮೊಳೆ ತೂರಿಸಿ, ತೆಗೆದು ಮುಚ್ಚಿ ನೋಡಿ, ಅಣ್ಣನ ಕುಡಿಕೆಗೆ ಹಾಕಿದಳು. ಇಷ್ಟು ವರ್ಷದ ಮೇಲೂ ಅದು ಸಲೀಸಾಗಿ ಆಡುತ್ತಿತ್ತು. ಅಂದಾನಿಯ ಕೆಲಸವೇ ಹಾಗೆ.

ಮಣ್ಣು ಮುಚ್ಚುವ ಮುಂಚೆ ಚಿಕ್ಕತಾಯಮ್ಮ ನಂದಿತಾಳನ್ನು ಕೇಳಿದಳು. "ಆ ಚೀಟೀಲಿ ಏನ್ ಬರ್ದಿದ್ದೀ, ಓದವ್ವ."

ನಂದಿತಾ ಓದಿದಳು. "ಬಾಣಂತಿ ಕುಡಿಕೆ, ಆರನೆಯದು. ವಠಾರದ ಮೂರನೆಯ ಮನೆ. ಚಿಕ್ಕತಾಯಮ್ಮ ಮತ್ತು ಅಂದಾನಿ ಅವರ ಮೊದಲನೆಯ ಮಗ, ಸಾವಿರದ ಒಂಬೈನೂರ ಅರವತ್ತೊಂಬತ್ತು."

"ಇನ್ನೊಂದ್ ಕಿತ ಓದು."

ಮೂರು ಸಲ ಓದಿಸಿಕೊಂಡಳು. ಮೊದಲನೆಯ ಮಗ ಎಂದು ಒಬ್ಬರು ಬಾಯಿಬಿಟ್ಟು ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಆಮೇಲೆ ಬುಧವಾರ ಬಂತು. ಧೈರ್ಯ ಬಂದಿತ್ತು ಅಂದರೆ ಸುಳ್ಳಾಗುತ್ತದೆ. ಐವತ್ತೆರಡು ವರ್ಷದ ಭಯ ಆರು ದಿನಕ್ಕೆಲ್ಲ ಇಳಿದುಹೋಗುತ್ತದೆಯೇ? ಆಸ್ಪತ್ರೆಯ ಬೆಂಚಿನ ಮೇಲೆ ಚಿಕ್ಕತಾಯಮ್ಮ ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತ ಕೂತಿದ್ದಳು. ಅದೇ ನರ್ಸು ಅದೇ ಫಾರಂ ತಂದಳು. ಆಪರೇಷನ್ನಿಗೆ ಮುಂಚೆ ಎಲ್ಲವನ್ನೂ ಇನ್ನೊಂದು ಸಲ ಕೇಳಬೇಕಂತೆ. ಹೆಸರು, ವಯಸ್ಸು, ಔಷಧಿ, ಎಲ್ಲ ಆಯಿತು. ಕೊನೆಗೆ ಕೇಳಿದಳು.

"ಕೂಡ ಪಿರಂದವಂಗ?"

ಚಿಕ್ಕತಾಯಮ್ಮನ ಕೈ ತಾನಾಗಿ ಮೇಲೆದ್ದಿತು, ಮಗಳ ಬಾಯಿ ಮುಚ್ಚಲೆಂದು. ಅರ್ಧಕ್ಕೆ ಬಂದ ಕೈಯನ್ನು ಅವಳೇ ಇನ್ನೊಂದು ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಳು.

"ಒರು ಅಣ್ಣ," ಅಂದಳು ನಾಗಮಣಿ.

ನರ್ಸು ಹಳೆಯ ಕಾಗದ ನೋಡಿ ಹುಬ್ಬು ಗಂಟಿಕ್ಕಿದಳು. ಮೊದಲು ಯಾರೂ ಇಲ್ಲ ಅಂದಿದ್ದಿರಲ್ಲ, ಎಲ್ಲಿದ್ದಾರೆ ಈಗ, ಎಂದು ತಮಿಳಿನಲ್ಲಿ ಕೇಳಿದಳು.

ನಾಗಮಣಿ ಅಮ್ಮನ ಕಡೆ ತಿರುಗಿ ನೋಡಿದಳು. ಆಮೇಲೆ ಹೇಳಿದಳು, "ಇಂಗೇದಾನ್. ಕೋಡಂಬಾಕ್ಕಂ."

ಇಲ್ಲೇ, ಕೋಡಂಬಾಕ್ಕಂನಲ್ಲೇ. ನರ್ಸು ಹಾಗೇ ಬರೆದುಕೊಂಡಳು.